ಗದ್ದೆಯ ಬದುವಿಗೆ ಬಂದು ನಿಲ್ಲುವ ರಸ್ತೆ

ಒಬ್ಬರು: ದಾವಣಗೆರೆ ಬೆಳೆಯುತ್ತಿದೆ ಎಂದರೆ ಸಂತೋಷಪಡಬೇಕಲ್ಲವೇ? ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಈ ಊರಿನ ಕಥೆ ಮುಗಿಯಿತು ಎಂದವರು ಬಹಳ ಮಂದಿ. 1997ರಲ್ಲಿ ಜಿಲ್ಲಾ ಕೇಂದ್ರವಾಯಿತು, 2007ರಲ್ಲಿ ಮಹಾನಗರ ಪಾಲಿಕೆಯಾಯಿತು, 2016ರಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಹೆಸರು ಬಂತು. 2011ರ ಜನಗಣತಿಯಲ್ಲೇ 4.35 ಲಕ್ಷ ಜನ. ಈಗ ಎಷ್ಟೋ ಹೆಚ್ಚಿರಬೇಕು. ಹದಡಿ ರಸ್ತೆಗೆ ಹೋಗಿ, ಶಾಮನೂರಿನ ಕಡೆ ಹೋಗಿ, ಬಾತಿಯ ಕಡೆ ಹೋಗಿ, ಎಲ್ಲಿ ನೋಡಿದರೂ ಕಲ್ಲು ನೆಟ್ಟ ಸೈಟುಗಳು. ನಿಮಗೇಕೆ ಇದು ಸರಿಕಾಣುತ್ತಿಲ್ಲ?

ಇನ್ನೊಬ್ಬರು: ಬೆಳೆಯುವುದರ ಬಗ್ಗೆ ನನ್ನ ತಕರಾರಿಲ್ಲ. ಜನ ಬರುತ್ತಾರೆ, ಮನೆ ಬೇಕು, ಊರು ಹಬ್ಬಲೇಬೇಕು. ನನ್ನ ಚಿಂತೆ ಇರುವುದು ಹೊಸ ಬಡಾವಣೆಗಳ ರಸ್ತೆಗಳು ಎಲ್ಲಿಗೆ ಹೋಗುತ್ತವೆ ಎಂಬುದರ ಬಗ್ಗೆ. ಪಿ.ಜೆ. ಬಡಾವಣೆಯನ್ನು ನೋಡಿ. ಮೇನ್‌ಗಳು ಒಂದು ದಿಕ್ಕಿಗೆ, ಕ್ರಾಸ್‌ಗಳು ಅದಕ್ಕೆ ಅಡ್ಡಲಾಗಿ. ಒಂದು ಕ್ರಾಸಿನಲ್ಲಿ ಮದುವೆ ಚಪ್ಪರ ಹಾಕಿ ದಾರಿ ಮುಚ್ಚಿದ್ದರೆ ಸ್ಕೂಟರಿನವರು ಮುಂದಿನ ಕ್ರಾಸಿಗೆ ಹೊರಳಿಕೊಂಡು ಹೋಗುತ್ತಾರೆ, ಅಷ್ಟೇ. ಮಂಡಿಪೇಟೆಯ ಸುತ್ತಿನ ಹಳೆಯ ಊರಿನಲ್ಲಿ ಓಣಿಗಳು ಇಕ್ಕಟ್ಟಾಗಿವೆ, ಅಂಕುಡೊಂಕಾಗಿವೆ, ಆದರೂ ಒಂದು ಓಣಿ ಇನ್ನೊಂದು ಓಣಿಗೆ ಬಿಟ್ಟುಕೊಡುತ್ತದೆ. ಹೊಸ ಬಡಾವಣೆಯಲ್ಲಿ ಆ ಗುಣವೇ ಇಲ್ಲ. ಮುಖ್ಯರಸ್ತೆಯಿಂದ ಒಂದು ಕಮಾನು, ಒಳಗೆ 40 ಅಡಿಯ ರಸ್ತೆ, ಅದರಿಂದ ಕವಲೊಡೆದ 30 ಅಡಿಯ ರಸ್ತೆಗಳು, ಪ್ರತಿಯೊಂದರ ತುದಿಯಲ್ಲೂ ಕಾಂಪೌಂಡು. ಕಾಂಪೌಂಡಿನ ಆಚೆ ಪಕ್ಕದವರ ಗದ್ದೆ. ನಾಳೆ ಆ ಗದ್ದೆಯೂ ಲೇಔಟ್ ಆಗುತ್ತದೆ, ಅದಕ್ಕೂ ಮುಖ್ಯರಸ್ತೆಯ ಕಡೆಗೆ ಒಂದೇ ಬಾಯಿ. ಹೀಗೆ ಒಂದೇ ಬಾಯಿಯ ಬಡಾವಣೆಗಳು ಸಾಲುಗಟ್ಟುತ್ತಾ ಹೋದರೆ ಮನೆಗಳ ಸಂಖ್ಯೆ ಹೆಚ್ಚುತ್ತದೆ, ಊರು ಹೆಚ್ಚುವುದಿಲ್ಲ.

ಒಬ್ಬರು: ಅವೆಲ್ಲ ಅನುಮೋದನೆ ಪಡೆದ ಬಡಾವಣೆಗಳು ಎಂಬುದನ್ನು ಮರೆಯಬೇಡಿ. ಅನುಮೋದನೆಯಿಲ್ಲದ ರೆವಿನ್ಯೂ ಸೈಟುಗಳ ಮಾತು ಬೇರೆ. ಭೂ ಪರಿವರ್ತನೆ ಆಗಿದೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಸೆಕ್ಷನ್ನಿನಡಿ ನಕ್ಷೆ ಮಂಜೂರಾಗಿದೆ, ಉದ್ಯಾನಕ್ಕೆ ಜಾಗ ಬಿಟ್ಟಿದ್ದಾರೆ, ನಾಗರಿಕ ಸೌಲಭ್ಯಕ್ಕೆ ಸಿ.ಎ. ಸೈಟು ಬಿಟ್ಟಿದ್ದಾರೆ, ರಸ್ತೆಯ ಅಗಲ ನಿಯಮದಂತೆ ಇದೆ. ಇನ್ನೇನು ಬೇಕು?

ಇನ್ನೊಬ್ಬರು: ಕಾಗದದ ಮಟ್ಟಿಗೆ ಎಲ್ಲವೂ ಸರಿ ಇದೆ, ಆದ್ದರಿಂದಲೇ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಪರಿಶೀಲನೆ ನಡೆಯುವುದು ಆ ಸರ್ವೆ ನಂಬರಿನ ಗೆರೆಯೊಳಗೆ. ರಸ್ತೆ ಎಷ್ಟು ಅಡಿ ಎಂದು ಅಳೆಯುತ್ತಾರೆ, ಎಲ್ಲಿಗೆ ಮುಟ್ಟುತ್ತದೆ ಎಂದು ಕೇಳುವುದು ಅಪರೂಪ. ಒಂದು ಲೆಕ್ಕ ಹಾಕೋಣ. ನಮ್ಮ ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂಥ 40 ಗುಂಟೆ ಒಂದು ಎಕರೆ. ನಾಲ್ಕು ಎಕರೆಯ ಒಂದು ಹೊಲ ಚೌಕಾಕಾರವಾಗಿದ್ದರೆ ಅದರ ಒಂದು ಬದಿ ಸುಮಾರು 417 ಅಡಿ, ಅಂದರೆ 127 ಮೀಟರ್. ನಡೆದಾಡಲು ಹಿತವಾದ ಊರುಗಳಲ್ಲಿ ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ಹೆಚ್ಚುಕಡಿಮೆ ಇಷ್ಟೇ ದೂರ ಇರುತ್ತದೆ. ಎಂದರೆ ನಮ್ಮ ಹೊಲಗಳ ಅಳತೆಯೇ ಒಳ್ಳೆಯ ಬೀದಿಗಳಿಗೆ ಒಗ್ಗುವ ಅಳತೆ. ಬದುಗಳ ಮೇಲೆ ರಸ್ತೆ ಹಾಯಿಸಿದ್ದರೆ, ಇಲ್ಲವೇ ಒಂದು ಹೊಲದ ನಡುವಿನ ರಸ್ತೆ ಮುಂದಿನ ಹೊಲದ ರಸ್ತೆಗೆ ಕೂಡುವಂತೆ ಮಾಡಿದ್ದರೆ ಯಾವ ದೊಡ್ಡ ಯೋಜನೆಯೂ ಇಲ್ಲದೆ ಜಾಲ ತಾನಾಗಿ ಮೂಡುತ್ತಿತ್ತು. ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ. ಪ್ರತಿ ಬಡಾವಣೆಯೂ ಪಕ್ಕದ ಹೊಲಕ್ಕೆ ಬೆನ್ನು ಹಾಕಿ ಕೂರುತ್ತದೆ, ಎಲ್ಲರಿಗೂ ದಾರಿಯಾಗಬೇಕಿದ್ದ ಬದು ಎರಡು ಸಾಲು ಮನೆಗಳ ಹಿಂಗೋಡೆಯಾಗುತ್ತದೆ. ಬಡಾವಣೆ ಎರಡು ಹೊಲಗಳಷ್ಟು ಆಳವಿದೆ ಎಂದುಕೊಳ್ಳಿ. ಗೋಡೆಗೆ ಗೋಡೆ ತಾಗಿದ ಎರಡು ಮನೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಲು 250 ಮೀಟರ್ ಹೊರಗೆ ಬಂದು, ಲಾರಿ ಓಡಾಡುವ ಮುಖ್ಯರಸ್ತೆಯ ಅಂಚಿನಲ್ಲಿ 130 ಮೀಟರ್ ನಡೆದು, ಮತ್ತೆ 250 ಮೀಟರ್ ಒಳಗೆ ಹೋಗಬೇಕು. ಹಾಲು ತರುವ ಮುದುಕರೂ ಶಾಲೆಗೆ ಹೋಗುವ ಮಗುವೂ 600 ಮೀಟರ್ ಮೀರಿ ನಡೆಯಬೇಕು. ಹಾಗೆ ಯಾರೂ ನಡೆಯುವುದಿಲ್ಲ, ಸ್ಕೂಟರ್ ತೆಗೆಯುತ್ತಾರೆ. ಸಂಜೆ ಶಾಲೆ ಬಿಡುವ ಹೊತ್ತಿಗೆ ಆ ಸ್ಕೂಟರುಗಳೆಲ್ಲ ಕೂಡುವುದು ಒಂದೇ ಮುಖ್ಯರಸ್ತೆಯಲ್ಲಿ.

ಒಬ್ಬರು: ಜಮೀನು ಯಾರದು ಎಂಬುದನ್ನೂ ನೋಡಬೇಕು. ರೈತ ಮಾರಿದ್ದು ತನ್ನ ಹೊಲ, ಕೊಂಡವರು ದುಡ್ಡು ಹಾಕಿದ್ದು ಆ ಹೊಲಕ್ಕೆ. ಪಕ್ಕದವನ ಹೊಲಕ್ಕೆ ದಾರಿ ಮಾಡಿಕೊಡಲು ತಮ್ಮ ಸೈಟನ್ನು ಏಕೆ ಕಳೆದುಕೊಳ್ಳಬೇಕು? ಪಕ್ಕದವನು ನಾಳೆ ಅದೇ ರಸ್ತೆ ತೋರಿಸಿ ತನ್ನ ಸೈಟು ಹೆಚ್ಚು ಬೆಲೆಗೆ ಮಾರಿಕೊಳ್ಳುತ್ತಾನೆ.

ಇನ್ನೊಬ್ಬರು: ಎಷ್ಟು ಕಳೆದುಕೊಳ್ಳುತ್ತಾರೆ, ನೋಡೋಣ. ನಾಲ್ಕು ಎಕರೆಯಲ್ಲಿ 1,74,240 ಚದರ ಅಡಿ. ರಸ್ತೆ, ಉದ್ಯಾನ, ಸಿ.ಎ. ಎಲ್ಲ ಕಳೆದು ಶೇ. 55ರಷ್ಟು ಸೈಟಿಗೆ ಉಳಿಯಿತು ಎಂದರೆ 30x40ರ ಸುಮಾರು 80 ಸೈಟುಗಳಾಗುತ್ತವೆ. ಕೊನೆಗೊಳ್ಳುವ 30 ಅಡಿ ರಸ್ತೆಯನ್ನು ಬದುವಿನವರೆಗೆ ಒಯ್ಯಲು ಬೇಕಾದದ್ದು ಅದರ ಎದುರಿಗಿರುವ ಒಂದು ಸೈಟು. 80ರಲ್ಲಿ ಒಂದು. ರಸ್ತೆ ನೇರ ಬಂದು ಎದುರಾಗುವ ಸೈಟನ್ನು ವೀಥಿಶೂಲ ಎಂದು ಕೊಳ್ಳಲು ಹಿಂಜರಿಯುವವರು ನಮ್ಮಲ್ಲಿ ಎಷ್ಟಿಲ್ಲ? ಮಾರಾಟಕ್ಕೆ ಕೊನೆಯವರೆಗೂ ಉಳಿಯುವುದು ಅದೇ, ಬೆಲೆ ಇಳಿಸಿ ಕೊಡುವುದೂ ಅದನ್ನೇ. ಅಷ್ಟನ್ನು ಬಿಡಲು ಹೇಳಿದರೆ ಅದು ದೊಡ್ಡ ಅನ್ಯಾಯ ಎನಿಸುವುದಿಲ್ಲ. ಪಕ್ಕದವನಿಗೆ ಮಾತ್ರ ಲಾಭ ಎಂಬುದೂ ನಿಲ್ಲುವುದಿಲ್ಲ. ಪಕ್ಕದ ಬಡಾವಣೆಯ ಉದ್ಯಾನ, ಅಂಗಡಿ, ಅದರಾಚೆಯ ಇನ್ನೊಂದು ಮುಖ್ಯರಸ್ತೆ ಇವರಿಗೂ ಸಿಗುತ್ತವೆ. ನಿಜವಾದ ಅನ್ಯಾಯ ಬೇರೆ ಕಡೆ ಇದೆ. ಕೆಲವರು ರಸ್ತೆಯ ತುದಿಗೂ ಬದುವಿಗೂ ನಡುವೆ ಒಂದೆರಡು ಅಡಿಯ ಪಟ್ಟಿಯನ್ನು ತಮ್ಮ ಹೆಸರಿನಲ್ಲೇ ಉಳಿಸಿಕೊಳ್ಳುತ್ತಾರೆ. ಪಕ್ಕದವನಿಗೆ ದಾರಿ ಬೇಕಾದರೆ ಆ ಪಟ್ಟಿಗೆ ಕೇಳಿದಷ್ಟು ಕೊಡಬೇಕು. ಇನ್ನು ಗ್ರಾಮ ನಕಾಶೆಯಲ್ಲಿ ಇರುವ ಬಂಡಿದಾರಿ, ಕಾಲುದಾರಿ, ಹಳ್ಳ. ಅವು ಬಿ ಖರಾಬು, ಸಾರ್ವಜನಿಕರ ಆಸ್ತಿ. ಬಡಾವಣೆ ನಕ್ಷೆಯಲ್ಲಿ ಅವು ಎಷ್ಟೋ ಸಲ ಒಂದು ಮೂಲೆಗೆ ಸರಿದು, ಮುಂದಿನ ಹೊಲದಲ್ಲಿ ಮುರಿದು, ಅದರ ಮುಂದಿನದರಲ್ಲಿ ಕಾಣೆಯಾಗುತ್ತವೆ. ಎಷ್ಟೋ ತಲೆಮಾರು ಎತ್ತಿನ ಗಾಡಿಗಳು ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಓಡಾಡಿದ ದಾರಿಗಳು ಅವು. ಹೊಸದಾಗಿ ಒಂದು ಗುಂಟೆಯನ್ನೂ ಕೊಳ್ಳದೆ ಅವನ್ನು ಉಳಿಸಿಕೊಂಡು ಅಗಲ ಮಾಡಿದರೂ ಊರಿನ ಹೊರವಲಯಕ್ಕೆ ಅರ್ಧ ಬೆನ್ನೆಲುಬು ಸಿಗುತ್ತಿತ್ತು.

ಒಬ್ಬರು: ಅಲ್ಲಿ ಮನೆ ಕಟ್ಟುವವರನ್ನು ಕೇಳಿ ನೋಡಿ. ಅವರಿಗೆ ಬೇಕಾಗಿರುವುದೇ ಡೆಡ್ ಎಂಡ್ ರಸ್ತೆ. ಹೊರಗಿನ ಗಾಡಿ ಬರುವುದಿಲ್ಲ, ಮಕ್ಕಳು ರಸ್ತೆಯಲ್ಲೇ ಶಟಲ್ ಆಡುತ್ತಾರೆ, ಗೊತ್ತಿಲ್ಲದ ಮುಖ ಕಂಡರೆ ಯಾರು ಎಂದು ಕೇಳಬಹುದು, ಕಳ್ಳತನದ ಭಯ ಕಡಿಮೆ. ಈ ನೆಮ್ಮದಿಯನ್ನು ಕಿತ್ತುಕೊಂಡು ಅವರ ಮನೆ ಮುಂದೆ ಟ್ರಾಫಿಕ್ ಹರಿಸುತ್ತೇನೆ ಎಂದರೆ ಯಾರು ಒಪ್ಪುತ್ತಾರೆ?

ಇನ್ನೊಬ್ಬರು: ಆ ನೆಮ್ಮದಿ ನಿಜವಾದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದರ ಬೆಲೆಯನ್ನು ಯಾರು ಕಟ್ಟುತ್ತಿದ್ದಾರೆ ನೋಡಿ. ನಿಮ್ಮ ರಸ್ತೆಗೆ ಬಾರದ ಗಾಡಿ ಮಾಯವಾಗುವುದಿಲ್ಲ, ಮುಖ್ಯರಸ್ತೆಯಲ್ಲಿ ಮನೆ ಇರುವವರ ಮುಂದೆ ಹೋಗುತ್ತದೆ. ದಾರಿಗಳು ಹತ್ತಿದ್ದರೆ ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಗಾಡಿ. ಒಂದೇ ಇದ್ದರೆ ಅದರ ಮೇಲೆ ಎಲ್ಲವೂ. ಪಿ.ಜೆ. ಬಡಾವಣೆಯ ಒಳಗಿನ ಕ್ರಾಸ್‌ಗಳು ತೆರೆದೇ ಇವೆ, ಆದರೂ ಅಲ್ಲಿ ವಾಸಕ್ಕೆ ತೊಂದರೆ ಎಂದು ಯಾರೂ ಮನೆ ಬಿಟ್ಟು ಹೋಗಿಲ್ಲ. ಪಕ್ಕದ ರಸ್ತೆ ಖಾಲಿ ಇರುವಾಗ ಇದೇ ರಸ್ತೆಗೆ ನುಗ್ಗಬೇಕೆಂಬ ಹಟ ಯಾರಿಗೂ ಇರುವುದಿಲ್ಲ. ಅಷ್ಟಕ್ಕೂ ಭಯವಿದ್ದರೆ ಕಾರಿಗೆ ಮುಚ್ಚಿ, ಕಾಲಿಗೂ ಸೈಕಲ್ಲಿಗೂ ತೆರೆಯಿರಿ. ಎರಡು ಕಲ್ಲುಕಂಬ ನೆಟ್ಟರೆ ಆಯಿತು. ಗೋಡೆ ಕಟ್ಟಿದ ಮೇಲೆ ಆ ಆಯ್ಕೆಯೇ ಉಳಿಯುವುದಿಲ್ಲ. ಗಾಡಿಯ ಮಾತನ್ನು ಬಿಟ್ಟು ಬೇರೆ ವಿಷಯಗಳಿಗೆ ಬನ್ನಿ. ಕುಡಿಯುವ ನೀರಿನ ಪೈಪು ರಸ್ತೆಯ ಜೊತೆಗೇ ಹೋಗುತ್ತದೆ, ರಸ್ತೆ ನಿಂತಲ್ಲಿ ಪೈಪೂ ನಿಲ್ಲುತ್ತದೆ. ನಿಂತ ಪೈಪಿನ ತುದಿಯಲ್ಲಿ ಒತ್ತಡ ಕಡಿಮೆ, ನೀರು ನಿಂತು ಕೆಡುವುದೂ ಅಲ್ಲೇ. ನಡುವೆ ಒಡೆದರೆ ಅದರ ಮುಂದಿನ ಮನೆಗಳಿಗೆಲ್ಲ ನೀರಿಲ್ಲ. ಎರಡು ಕಡೆಯಿಂದ ಕೂಡಿದ ಪೈಪಾದರೆ ಒಂದು ಕಡೆ ಕೆಟ್ಟಾಗ ಇನ್ನೊಂದು ಕಡೆಯಿಂದ ಬರುತ್ತದೆ. ಕಸದ ಆಟೋ ಪ್ರತಿ ತುದಿಗೂ ಹೋಗಿ ಹಿಂದಕ್ಕೆ ಬರಬೇಕು, ಡೀಸೆಲ್ಲೂ ಹೊತ್ತೂ ಎರಡು ಪಟ್ಟು. ನಗರ ಸಾರಿಗೆ ಬಸ್ಸಂತೂ ಒಳಗೆ ಬರುವುದೇ ಇಲ್ಲ, ಏಕೆಂದರೆ ಬಸ್ಸಿಗೆ ಬೇಕಾಗಿರುವುದು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುವ ದಾರಿ. ಒಂದೇ ಬಾಯಿಯ ಹತ್ತು ಬಡಾವಣೆಗಳಲ್ಲಿ ಸಾವಿರಾರು ಜನ ಇದ್ದರೂ ಬಸ್ಸಿನ ಲೆಕ್ಕಕ್ಕೆ ಅವರು ಇಲ್ಲದವರೇ. ಬೆಂಕಿ ಬಿದ್ದ ದಿನ, ಆ ಒಂದೇ ಬಾಯಿಗೆ ಲಾರಿ ಅಡ್ಡ ನಿಂತಿದ್ದರೆ ಏನಾದೀತು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಒಬ್ಬರು: ಇದು ನಿಮ್ಮ ತರ್ಕವೇ, ಅಥವಾ ಎಲ್ಲಾದರೂ ಅಳೆದು ನೋಡಿದ್ದಾರೆಯೇ?

ಇನ್ನೊಬ್ಬರು: ಅಳೆದಿದ್ದಾರೆ. ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಆಡಂ ಮಿಲ್ಲರ್ಡ್-ಬಾಲ್ ಎಂಬ ಇಬ್ಬರು ಸಂಶೋಧಕರು ಓಪನ್ ಸ್ಟ್ರೀಟ್ ಮ್ಯಾಪ್‌ನ ರಸ್ತೆಗಳನ್ನೂ ಉಪಗ್ರಹ ಚಿತ್ರಗಳನ್ನೂ ಇಟ್ಟುಕೊಂಡು ಇಡೀ ಜಗತ್ತಿನ ಬೀದಿಗಳ ಕೂಡುವಿಕೆಯನ್ನು ಲೆಕ್ಕಹಾಕಿ 2020ರಲ್ಲಿ ಪ್ರಕಟಿಸಿದರು. 1975ರಿಂದ ಈಚೆಗೆ ಜಗತ್ತಿನ ಬಹಳಷ್ಟು ಕಡೆ ಹೊಸ ಬೀದಿಗಳು ಒಂದಕ್ಕೊಂದು ಕೂಡುವುದು ಕಡಿಮೆಯಾಗುತ್ತಾ ಬಂದಿದೆ, ಹೀಗೆ ಕೂಡದ ಜಾಗಗಳಲ್ಲಿ ಜನ ನಡೆಯುವುದು ಕಡಿಮೆ, ಸ್ವಂತ ವಾಹನ ಹೆಚ್ಚು ಎಂಬುದು ಅವರು ಕಂಡದ್ದು. ಅಮೆರಿಕದಲ್ಲಿ ಡೆಡ್ ಎಂಡ್ ಬಡಾವಣೆಗೆ 1930ರ ದಶಕದಲ್ಲೇ ಸರ್ಕಾರದ ಗೃಹಸಾಲ ಸಂಸ್ಥೆ ಒತ್ತಾಸೆ ಕೊಟ್ಟಿತ್ತು. ಅಲ್ಲಿಯೂ 1990ರ ದಶಕದ ಮಧ್ಯದಲ್ಲಿ ಅದು ತುತ್ತತುದಿ ಮುಟ್ಟಿ, ಆಮೇಲೆ ಇಳಿಯುತ್ತಾ ಬಂದಿದೆ ಎಂದು ಅದೇ ಇಬ್ಬರು 2015ರಲ್ಲಿ ತೋರಿಸಿದ್ದರು. ವರ್ಜೀನಿಯಾ ರಾಜ್ಯ 2009ರಲ್ಲಿ ಒಂದು ನಿಯಮ ತಂದಿತು: ಹೊಸ ಬಡಾವಣೆಯ ರಸ್ತೆಗಳು ಅಕ್ಕಪಕ್ಕದ ರಸ್ತೆಗೆ ಕೂಡದಿದ್ದರೆ ಅವುಗಳ ನಿರ್ವಹಣೆಯನ್ನು ಸರ್ಕಾರ ವಹಿಸಿಕೊಳ್ಳುವುದಿಲ್ಲ. ಬೇಕಾದಷ್ಟು ಜಾಗ, ಮನೆಗೆರಡು ಕಾರು, ಕಡಿಮೆ ಬೆಲೆಯ ಪೆಟ್ರೋಲು ಇದ್ದ ನಾಡೇ ಹಿಂದೆ ಸರಿಯುತ್ತಿರುವ ದಾರಿಗೆ ನಾವು ಇಳಿಯುತ್ತಿದ್ದೇವೆ. ಆ ಇಬ್ಬರು ಸಂಶೋಧಕರ ಅಧ್ಯಯನದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಮನೆ ಕೆಡವಿ ಕಟ್ಟಬಹುದು, ಅಂಗಡಿ ಹೋಗಿ ಕಾಲೇಜು ಬರಬಹುದು, ಬೀದಿಯ ಗೆರೆ ಮಾತ್ರ ಒಮ್ಮೆ ಬಿದ್ದರೆ ಬಿದ್ದಂತೆಯೇ. 1898ರ ಪ್ಲೇಗಿನ ಕಾಲದಲ್ಲಿ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳಿಗೆ ಎಳೆದ ಗೆರೆಗಳು ಇಂದಿಗೂ ಅವೇ. ಅಲ್ಲಿನ ಹೆಂಚಿನ ಮನೆಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು.

ಒಬ್ಬರು: ಸರಿ, ಒಳಗಿನ ಸಣ್ಣ ರಸ್ತೆಗಳ ಗೊಡವೆ ಏಕೆ? ಸುತ್ತಲೂ ಒಂದು ಒಳ್ಳೆಯ ವರ್ತುಲ ರಸ್ತೆ ಮಾಡಿಬಿಟ್ಟರೆ ಎಲ್ಲವೂ ಅದಕ್ಕೆ ಕೂಡಿಕೊಳ್ಳುತ್ತದೆ. ಊರುಗಳೆಲ್ಲ ಅದನ್ನೇ ಕೇಳುತ್ತಿವೆ.

ಇನ್ನೊಬ್ಬರು: ವರ್ತುಲ ರಸ್ತೆ ಲಾರಿಗಳನ್ನು ಊರಿನಿಂದ ಹೊರಗಿಡುತ್ತದೆ, ಆ ಕೆಲಸಕ್ಕೆ ಅದು ಬೇಕು. ಆದರೆ ಒಳಗಿನ ಜಾಲವಿಲ್ಲದ ವರ್ತುಲ ರಸ್ತೆ ಎಂದರೆ ಹೊಸ ಬಡಾವಣೆಗಳು ಬಾಯಿ ತೆರೆಯಲು ಇನ್ನೊಂದು ಮುಖ್ಯರಸ್ತೆ, ಅಷ್ಟೇ. ಈ ಊರಿಗೆ ಅಡ್ಡಗೆರೆಗಳ ಕಷ್ಟ ಹೊಸದೇನಲ್ಲ. ರೈಲ್ವೆ ಹಳಿ ಊರನ್ನು ಎರಡು ಮಾಡಿದೆ. ಅಶೋಕ ಟಾಕೀಸ್ ಹತ್ತಿರದ ಗೇಟಿನಲ್ಲಿ ಕಾದು ಕಾದು ಬೇಸತ್ತ ಜನ ಇವರು. ಹೊರಗೆ ಹೆದ್ದಾರಿ, ಅದನ್ನು ದಾಟಲು ಅಂಡರ್‌ಪಾಸ್ ಇರುವಲ್ಲಿಗೇ ಹೋಗಬೇಕು. ಸುತ್ತ ಭದ್ರಾ ನಾಲೆಗಳು, ಅವಕ್ಕೆ ಸೇತುವೆ ಇದ್ದಲ್ಲಿ ಮಾತ್ರ ದಾರಿ. ಸರ್ಕಾರವೇ ಹಾಕಿದ ಇಷ್ಟು ಗೆರೆಗಳು ಇರುವ ಊರು ತಾನಾಗಿ ಇನ್ನಷ್ಟು ಗೋಡೆ ಹಾಕಿಕೊಳ್ಳಬಾರದು. ನಗರಗಳ ಹಬ್ಬುವಿಕೆಯನ್ನು ಬಹುಕಾಲ ಅಧ್ಯಯನ ಮಾಡಿದ ಶ್ಲೋಮೊ ಏಂಜೆಲ್ ಅವರ ಸಲಹೆ ನಮಗೆ ಒಗ್ಗುತ್ತದೆ. ಮುಂದಿನ 30 ವರ್ಷ ಊರು ಎಲ್ಲಿಯವರೆಗೆ ಹೋಗಬಹುದೋ ಅಲ್ಲಿಯವರೆಗೂ ಸುಮಾರು ಒಂದು ಕಿಲೋಮೀಟರಿಗೆ ಒಂದರಂತೆ ಉದ್ದಕ್ಕೂ ಅಡ್ಡಕ್ಕೂ ದೊಡ್ಡ ರಸ್ತೆಗಳ ಜಾಗವನ್ನು ಈಗಲೇ ಗುರುತಿಸಿಡಿ, ಡಾಂಬರು ಆಮೇಲೆ ಹಾಕಬಹುದು. 30 ಮೀಟರ್ ಅಗಲದ ರಸ್ತೆ ಎಂದರೂ ಇದಕ್ಕೆ ಬೇಕಾಗುವುದು ಒಟ್ಟು ನೆಲದಲ್ಲಿ ನೂರಕ್ಕೆ ಆರು ಪಾಲು. ಯಾವ ಮನೆಯಿಂದಲೂ ಅರ್ಧ ಕಿಲೋಮೀಟರಿನ ಆಸುಪಾಸಿನಲ್ಲಿ ಬಸ್ಸಿನ ದಾರಿ ಇರುತ್ತದೆ. ಇಥಿಯೋಪಿಯಾದ ಹವಾಸಾ, ಬಹಿರ್ ದಾರ್, ಕೊಲಂಬಿಯಾದ ಮೊಂಟೆರಿಯಾ, ವಲ್ಲೆದುಪಾರ್ ಇಂಥ ಊರುಗಳು ಈ ಕೆಲಸಕ್ಕೆ ಕೈಹಾಕಿದವು. ಅವೇನೂ ನಮಗಿಂತ ಸಿರಿವಂತ ಊರುಗಳಲ್ಲ.

ಒಬ್ಬರು: ಜಾಗ ಗುರುತಿಸಿದರೆ ಪರಿಹಾರ ಕೊಡಬೇಕು. ಪಾಲಿಕೆಗೆ ಬೀದಿದೀಪದ ಬಿಲ್ಲು ಕಟ್ಟುವುದೇ ಕಷ್ಟ. ಭೂಸ್ವಾಧೀನ ಎಂದ ಕೂಡಲೇ ರೈತರು ಕೋರ್ಟಿಗೆ ಹೋಗುತ್ತಾರೆ. ಅವರದ್ದೂ ತಪ್ಪಲ್ಲ, ಇರುವ ಎರಡು ಎಕರೆಯ ಮೇಲೆ ರಸ್ತೆ ಹಾಯ್ದರೆ ಅವರ ಬದುಕೇ ಹೋಯಿತು.

ಇನ್ನೊಬ್ಬರು: ಈ ಆಕ್ಷೇಪಣೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಗೆರೆ ಬಿದ್ದವನಿಗೆ ನಷ್ಟ, ಗೆರೆಯ ಪಕ್ಕದವನಿಗೆ ಲಾಭ, ಇದು ನ್ಯಾಯವಲ್ಲ. ಗುಜರಾತಿನವರು ಇದಕ್ಕೆ ಒಂದು ಉಪಾಯ ಉಳಿಸಿಕೊಂಡು ಬಂದಿದ್ದಾರೆ. 1915ರ ಮುಂಬೈ ಪ್ರಾಂತ್ಯದ ಕಾಯ್ದೆಯ ಕಾಲದ್ದು ಅದು, ಅವರ 1976ರ ಕಾಯ್ದೆಯಲ್ಲೂ ಇದೆ. ಒಂದು ಪ್ರದೇಶದ ಎಲ್ಲ ಹೊಲಗಳನ್ನೂ ಒಟ್ಟಿಗೆ ಸೇರಿಸುತ್ತಾರೆ, ಎಲ್ಲರಿಂದಲೂ ಒಂದು ಪಾಲು ರಸ್ತೆಗೆ, ಉದ್ಯಾನಕ್ಕೆ ತೆಗೆಯುತ್ತಾರೆ, ಉಳಿದದ್ದನ್ನು ಚೊಕ್ಕ ಆಕಾರದ ನಿವೇಶನಗಳಾಗಿ ಅದೇ ಮಾಲೀಕರಿಗೆ ಹಿಂದಿರುಗಿಸುತ್ತಾರೆ. ಯಾರೂ ಪೂರ್ತಿ ಕಳೆದುಕೊಳ್ಳುವುದಿಲ್ಲ, ಯಾರೂ ಪುಕ್ಕಟೆ ಗಳಿಸುವುದಿಲ್ಲ. ಅಹಮದಾಬಾದಿನ 76 ಕಿಲೋಮೀಟರ್ ವರ್ತುಲ ರಸ್ತೆಗೆ ಇಂಥ ಸ್ಕೀಮುಗಳು ಬಹಳ ನೆರವಾದವು. ನಮ್ಮಂಥ ಊರಿಗೆ ಅದಕ್ಕಿಂತ ಹತ್ತಿರದ ಉದಾಹರಣೆ ಭುಜ್. 2001ರ ಜನವರಿ 26ರ ಭೂಕಂಪದಲ್ಲಿ ಆ ಹಳೆಯ ಕೋಟೆ ಊರಿನ ಇಕ್ಕಟ್ಟಾದ, ತುದಿ ಮುಚ್ಚಿದ ಓಣಿಗಳು ಮನೆಗಳ ಅವಶೇಷದಿಂದ ತುಂಬಿಹೋದವು. ಮತ್ತೆ ಕಟ್ಟುವಾಗ ಕೋಟೆಯೊಳಗೇ ಇಂಥ ಸ್ಕೀಮು ಮಾಡಿ ಬೀದಿಗಳನ್ನು ತೆರೆದರು. ದೊಡ್ಡ ಜಾಗದವರಿಂದ ಹೆಚ್ಚು ಪಾಲು, ಸಣ್ಣವರಿಂದ ಕಡಿಮೆ ಪಾಲು ತೆಗೆದುಕೊಂಡರು. ಎಲ್ಲವನ್ನೂ ಕಳೆದುಕೊಂಡ ಜನ ಇರುವ ತುಂಡು ನೆಲದಲ್ಲೂ ಪಾಲು ಬಿಟ್ಟರು ಎಂದರೆ, ಲೆಕ್ಕ ಎಲ್ಲರ ಕಣ್ಣೆದುರು ಇದ್ದಾಗ ಜನ ಒಪ್ಪುತ್ತಾರೆ ಎಂದೇ ಅರ್ಥ. ನಮ್ಮ 1961ರ ಕಾಯ್ದೆಯಲ್ಲಿಯೂ ಇಂಥ ನಗರ ಯೋಜನಾ ಸ್ಕೀಮಿಗೆ ಒಂದು ಅಧ್ಯಾಯವೇ ಇದೆ. ಆರು ದಶಕ ಕಳೆದರೂ ಕರ್ನಾಟಕ ಅದನ್ನು ಮನಸ್ಸಿಟ್ಟು ಬಳಸಿಲ್ಲ. ಇದು ಹಣದ ಕೊರತೆಯ ಮಾತಲ್ಲ, ಸರ್ಕಾರ ತನ್ನದೇ ಕಾಯ್ದೆಯನ್ನು ಕಡೆಗಣಿಸಿದ ಮಾತು.

ಒಬ್ಬರು: ನನಗಿರುವ ಇನ್ನೊಂದು ಭಯ ಹೇಳುತ್ತೇನೆ. ಹೊಲಗಳ ನಡುವೆ ಇಷ್ಟು ರಸ್ತೆ ಗೆರೆ ಎಳೆದರೆ ಊರು ಇನ್ನೂ ಬೇಗ ಹಬ್ಬುವುದಿಲ್ಲವೇ? ಭದ್ರಾ ನೀರುಂಡ ಭತ್ತದ ಗದ್ದೆಗಳು ಇವು. ಗೆರೆ ಕಂಡ ಮರುದಿನವೇ ದಲ್ಲಾಳಿಗಳು ಬರುತ್ತಾರೆ.

ಇನ್ನೊಬ್ಬರು: ಈ ಭಯಕ್ಕೆ ನನ್ನಲ್ಲಿ ಪೂರ್ತಿ ಸಮಾಧಾನವಿಲ್ಲ. ರಸ್ತೆ ಬಂದಲ್ಲಿ ಬೆಲೆ ಏರುತ್ತದೆ, ಗದ್ದೆಯವನ ಮನಸ್ಸು ಅಲುಗಾಡುತ್ತದೆ. ಆದರೆ ಗೆರೆ ಇಲ್ಲದಿರುವಾಗ ಗದ್ದೆ ಉಳಿದಿದೆಯೇ? ಊರಿಗೆ ಅಂಟಿದ ಹೊಲಕ್ಕೆ ದಾರಿ ಇಲ್ಲ, ಆದ್ದರಿಂದ ಅದನ್ನು ಬಿಟ್ಟು ನಾಲ್ಕು ಕಿಲೋಮೀಟರ್ ಆಚೆ ಮುಖ್ಯರಸ್ತೆಯ ಅಂಚಿನ ಗದ್ದೆಯನ್ನು ಕೊಳ್ಳುತ್ತಾರೆ. ನಡುವೆ ಸಿಕ್ಕಿಕೊಂಡ ಹೊಲ ಬೇಸಾಯಕ್ಕೂ ಇಲ್ಲ, ಮನೆಗೂ ಇಲ್ಲ. ಟ್ರ್ಯಾಕ್ಟರ್ ಹೋಗಲು ದಾರಿ ಮುಚ್ಚಿದೆ, ಕಾಲುವೆಯ ನೀರು ಬಡಾವಣೆಯ ಕಟ್ಟೆಗೆ ತಡೆದಿದೆ. ಊರು ಅಷ್ಟು ದೂರ ಚೆಲ್ಲಿಹೋಗಲು ಒಳಗಿನ ಜಾಗಗಳಿಗೆ ದಾರಿ ಇಲ್ಲದಿರುವುದೂ ಒಂದು ಕಾರಣ. ಹತ್ತಿರದ ಹೊಲಗಳು ಒಂದಕ್ಕೊಂದು ಕೂಡಿ ಮೊದಲು ತುಂಬಿದರೆ ದೂರದವು ಇನ್ನಷ್ಟು ವರ್ಷ ಭತ್ತ ಬೆಳೆಯುತ್ತವೆ. ಆದ್ದರಿಂದ ಗೆರೆ ಎಳೆಯುವುದರ ಜೊತೆಗೆ ಸರದಿಯನ್ನೂ ಹಾಕಬೇಕು: ಈ ಸುತ್ತು ತುಂಬುವವರೆಗೆ ಆಚೆಯ ಸುತ್ತಿಗೆ ಭೂ ಪರಿವರ್ತನೆ ಇಲ್ಲ. ಇದನ್ನು ಹೇಳಲು ರಾಜಕೀಯ ಧೈರ್ಯ ಬೇಕು, ಅದು ಬರುತ್ತದೆಯೋ ಇಲ್ಲವೋ ಎಂಬುದೇ ನನ್ನ ಅನುಮಾನ.

ಒಬ್ಬರು: ಈಗಾಗಲೇ ಕಟ್ಟಿಬಿಟ್ಟಿರುವುದಕ್ಕೆ ಏನು ಮಾಡುತ್ತೀರಿ?

ಇನ್ನೊಬ್ಬರು: ಸಿಕ್ಕಷ್ಟು ತೆರೆಯಬೇಕು. ಹೊಸ ಬಡಾವಣೆಗಳಲ್ಲಿ ಖಾಲಿ ಸೈಟುಗಳು ಇನ್ನೂ ಬಹಳ ಇವೆ. ತುದಿಯ ಒಂದು ಖಾಲಿ ಸೈಟನ್ನು ಪಾಲಿಕೆ ಇಂದೇ ಕೊಂಡರೆ ಎರಡು ಬಡಾವಣೆಗಳು ಕೂಡುತ್ತವೆ. ಅದರ ಮೇಲೆ ಎರಡಂತಸ್ತು ಎದ್ದ ಮೇಲೆ ಆ ಮಾತೇ ಇಲ್ಲ. ಬದುವಿಗೆ ತಾಗಿದ ಉದ್ಯಾನ ಇದ್ದರೆ ಅದರ ಗೋಡೆಯಲ್ಲಿ ಆರಡಿ ಕಿಂಡಿ ತೆರೆದು ಕಾಲುದಾರಿ ಬಿಡಬಹುದು. ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಮೇಲೆ ಅವು ಸಾರ್ವಜನಿಕ ರಸ್ತೆಗಳು, ಅಲ್ಲಿ ಗೇಟು ಹಾಕಿ ಬೀಗ ಜಡಿಯುವ ಹಕ್ಕು ಯಾವ ನಿವಾಸಿಗಳ ಸಂಘಕ್ಕೂ ಇಲ್ಲ. ಇನ್ನು ಮುಂದೆ ಬರುವ ಬಡಾವಣೆಗಳಿಗೆ ಹೊಸ ಕಾಯ್ದೆಯೇ ಬೇಕಾಗಿಲ್ಲ. ಸೈಟುಗಳ ಬಿಡುಗಡೆ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲೇ ಇರುತ್ತದೆ. ರಸ್ತೆಗಳು ಬದುವಿನವರೆಗೆ ತೆರೆದಿವೆ, ನಡುವೆ ಒಂದಡಿಯ ಪಟ್ಟಿಯೂ ಉಳಿದಿಲ್ಲ, ನಕಾಶೆಯ ಬಂಡಿದಾರಿ ಇದ್ದಲ್ಲೇ ಇದೆ ಎಂಬುದನ್ನು ಸ್ಥಳಕ್ಕೆ ಹೋಗಿ ನೋಡದೆ ಸೈಟು ಬಿಡಬಾರದು.

ಒಬ್ಬರು: ಇದೆಲ್ಲ ಪ್ರಾಧಿಕಾರದವರು, ಎಂಜಿನಿಯರುಗಳು ಮಾಡಬೇಕಾದ ಕೆಲಸ. ಸೈಟು ಕೊಳ್ಳಲು ಹೊರಟ ಮೇಷ್ಟರೋ ಬ್ಯಾಂಕಿನ ಗುಮಾಸ್ತರೋ ಏನು ಮಾಡಲು ಸಾಧ್ಯ?

ಇನ್ನೊಬ್ಬರು: ಕೊಳ್ಳುವವರು ಈಗ ಖಾತೆ ನೋಡುತ್ತಾರೆ, ಋಣಭಾರ ಪತ್ರ (ಇ.ಸಿ.) ತೆಗೆಸುತ್ತಾರೆ, ವಾಸ್ತು ಕೇಳುತ್ತಾರೆ. ಮಂಜೂರಾದ ನಕ್ಷೆಯನ್ನು ಗ್ರಾಮ ನಕಾಶೆಯ ಪಕ್ಕದಲ್ಲಿಟ್ಟು, ಈ ರಸ್ತೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಅವರು ಒಂದು ಮಾತು ಕೇಳಲಿ. ಹತ್ತು ಜನ ಕೇಳಿದರೆ ಮಾರುವವರೂ ಉತ್ತರ ಇಟ್ಟುಕೊಂಡೇ ಬರುತ್ತಾರೆ. ಇನ್ನು ಊರಿನ ಮಹಾಯೋಜನೆಯನ್ನು (ಮಾಸ್ಟರ್ ಪ್ಲಾನ್) ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಕರಡನ್ನು ಪ್ರಕಟಿಸಿ ಸಾರ್ವಜನಿಕರ ಸಲಹೆ ಪಡೆಯಲೇಬೇಕು. ಆಗ ಕಚೇರಿಗೆ ಹೋಗುವವರು ಹೆಚ್ಚಾಗಿ ತಮ್ಮ ಸರ್ವೆ ನಂಬರು ವಸತಿಯ ಹಳದಿ ಬಣ್ಣದಲ್ಲಿದೆಯೋ ಕೃಷಿಯ ಹಸಿರಿನಲ್ಲಿದೆಯೋ ಎಂದು ನೋಡಿ ಹಿಂದಿರುಗುತ್ತಾರೆ. ಮುಂದಿನ ಸಲ ರಸ್ತೆಯ ಗೆರೆಗಳನ್ನೂ ನೋಡಿ, ಅವು ಎಲ್ಲಿ ನಿಂತುಹೋಗಿವೆ ಎಂದು ಗುರುತು ಮಾಡಿ, ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆದು ಬನ್ನಿ.